ಅತ್ತೆ ಮನೆ ಅಟ್ಟದಲ್ಲಿ ಸಿಕ್ಕ ಸಿವಿಲ್ ವಾರ್ ಕಾಗದಗಳು, ಹರಾಜಿಗೆ ಕೊಡೋದು ಹೇಗೆ?

ಮಲೆನಾಡ_ಮಗಳು

ಎಲ್ರಿಗೂ ನಮಸ್ಕಾರ. ಅಮೆರಿಕದಲ್ಲಿ ಹಳೇ ವಸ್ತುಗಳ ಹರಾಜಿನ ಬಗ್ಗೆ ಗೊತ್ತಿರೋರು ಇದ್ರೆ ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಆಗಿದೆ.

ನಾನು ತೀರ್ಥಹಳ್ಳಿ ಕಡೆಯವಳು, ಹದಿನಾಲ್ಕು ವರ್ಷದಿಂದ ಪೆನ್ಸಿಲ್ವೇನಿಯಾದಲ್ಲಿದ್ದೀನಿ, ಗಂಡ ಇಲ್ಲಿಯವರೇ. ನಮ್ಮತ್ತೆಯ ತಾಯಿ ಫೆಬ್ರವರಿಯಲ್ಲಿ ತೀರ್ಕೊಂಡ್ರು, 96 ವರ್ಷ ಆಗಿತ್ತು. ಲ್ಯಾಂಕಾಸ್ಟರ್ ಕೌಂಟಿಯಲ್ಲಿರೋ ಅವರ ಹಳೇ ಮನೆ ಖಾಲಿ ಮಾಡ್ತಿದ್ದೀವಿ. ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯಲ್ಲಿ 63 ಕಾಗದ ಸಿಕ್ಕಿವೆ, 1862ರಿಂದ 1864ರವರೆಗಿನವು, ಹೆಚ್ಚಿನವಕ್ಕೆ ಲಕೋಟೆನೂ ಇದೆ. ಮನೆತನದ ಹಿರಿಯರೊಬ್ಬರು ಸಿವಿಲ್ ವಾರ್ (ಅಮೆರಿಕದ ಅಂತರ್ಯುದ್ಧ) ಸಮಯದಲ್ಲಿ ಯೂನಿಯನ್, ಅಂದ್ರೆ ಉತ್ತರದ ರಾಜ್ಯಗಳ ಸೈನ್ಯದಲ್ಲಿದ್ದು ಹೆಂಡತಿಗೆ ಬರೆದಿದ್ದು. ಕೊನೇ ಕಾಗದದ ಕೈಬರಹ ಮಾತ್ರ ಬೇರೆ, ಅವರು ಪೀಟರ್ಸ್‌ಬರ್ಗ್ ಹತ್ರ ಸತ್ತ ಸುದ್ದಿ ತಿಳಿಸಿ ಜೊತೆಗಾರ ಸೈನಿಕ ಬರೆದಿರೋದು. ಅದನ್ನ ಓದ್ತಾ ಓದ್ತಾ ನಾನೂ ಅತ್ತೆನೂ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ವಿ.

ಜೊತೆಗೆ ಯುಎಸ್ ಅಂತ ಅಕ್ಷರ ಇರೋ ಹಿತ್ತಾಳೆ ಬೆಲ್ಟ್ ಪ್ಲೇಟು, ಗೋಡೆಗೆ ನೇತುಹಾಕಿದ್ದ ಸ್ಪ್ರಿಂಗ್‌ಫೀಲ್ಡ್ ಬಂದೂಕು (1861 ಅಂತ ಕೆತ್ತಿದೆ), ಸೈನಿಕರ ಹೆಸರಿನ ಪಟ್ಟಿ ಇರೋ ದೊಡ್ಡ ಮಡಚಿದ ಹಾಳೆ, ಇನ್ನೊಂದು ಕಡೆ ಅಜ್ಜ ಎರಡನೇ ಮಹಾಯುದ್ಧದಲ್ಲಿ ಅವರ ತಾಯಿಗೆ ಬರೆದ ಪುಟ್ಟ ಪುಟ್ಟ ವಿ-ಮೇಲ್ (ಆಗಿನ ಸೈನಿಕರ ಅಂಚೆ) ಕಾಗದಗಳು, ಅವರ ಪರ್ಪಲ್ ಹಾರ್ಟ್ ಪದಕ (ಯುದ್ಧದಲ್ಲಿ ಗಾಯಗೊಂಡವರಿಗೆ, ಸತ್ತವರಿಗೆ ಕೊಡೋದು). ಇದಲ್ದೆ 1809ರ ಜನನ ಪತ್ರ ಒಂದು, ಜರ್ಮನ್ ಬರಹ, ಸುತ್ತ ಹಕ್ಕಿ, ಟುಲಿಪ್ ಹೂವು ಬಣ್ಣದಲ್ಲಿ ಬರೆದಿದ್ದಾರೆ. ನೀಲಿ ಹೂವಿನ ಜಾಡಿ ಇದೆ, ನಮ್ಮ ಉಪ್ಪಿನಕಾಯಿ ಭರಣಿ ಥರ. ಒಂದು ಕ್ವಿಲ್ಟು, ನಮ್ಮ ಉತ್ತರ ಕರ್ನಾಟಕದ ಕೌದಿ ನೋಡ್ದಂಗೇ ಆಗುತ್ತೆ.

ಮನೆ ಖಾಲಿ ಮಾಡಿಸೋರೊಬ್ರು ಬಂದು ನೋಡಿ ಎಲ್ಲಾ ಸೇರಿ 1800 ಡಾಲರ್, ಇವತ್ತೇ ಕ್ಯಾಶ್ ಅಂದ್ರು. ಆದ್ರೆ ಆ ಜನನ ಪತ್ರ ಕಂಡ ತಕ್ಷಣ ಅದನ್ನ ಬೇರೆ ತೆಗೆದು ಪಕ್ಕಕ್ಕಿಟ್ಕೊಂಡ್ರು, ಅಲ್ಲೇ ನನಗೆ ಅನುಮಾನ ಬಂತು. ಅತ್ತೆ ಮೂರು ಜನ ಅಕ್ಕತಂಗಿಯರು, ದುಡ್ಡು ಮೂರು ಪಾಲಾಗಬೇಕು, ಒಬ್ಬರಿಗೆ ನಿಜವಾಗ್ಲೂ ಕಷ್ಟ ಇದೆ, ಹಾಗಾಗಿ ಮಾರಲೇಬೇಡಿ ಅನ್ನೋ ಸ್ಥಿತಿಯಲ್ಲಿ ನಾವಿಲ್ಲ. ಕಾಗದಗಳನ್ನ ಒಂದೊಂದಾಗಿ ಆನ್‌ಲೈನಲ್ಲಿ ಮಾರಿದ್ರೆ ಜಾಸ್ತಿ ಬರುತ್ತಾ, ಒಟ್ಟಿಗೆ ಹರಾಜಿಗೆ ಕೊಡಬೇಕಾ? ಬೆಲ್ಟ್ ಪ್ಲೇಟನ್ನ ಹುಣಸೆಹಣ್ಣು ಹಚ್ಚಿ ತಿಕ್ಕಿಡಲಾ ಅಂತನೂ ಯೋಚನೆ ಇದೆ.

ಗಿರಿಜಾ_ಓಹಾಯೋ

ಮೊದಲನೇದಾಗಿ ಹುಣಸೆಹಣ್ಣು ಬೇಡ! ದಯವಿಟ್ಟು ಏನೂ ತಿಕ್ಕಬೇಡಿ. ನೂರಅರವತ್ತು ವರ್ಷದ ಆ ಕಂದು ಬಣ್ಣನೇ ಅದರ ಬೆಲೆ, ಹೊಳಪು ಬಂತೋ ಬೆಲೆ ಬಿತ್ತು, ಅದೂ ಅಲ್ದೆ ಈ ಬೆಲ್ಟ್ ಪ್ಲೇಟುಗಳಲ್ಲಿ ನಕಲು ಸಿಕ್ಕಾಪಟ್ಟೆ ಇರೋದ್ರಿಂದ ಹಿಂಭಾಗದ ಸೀಸ, ಕೊಂಡಿ, ಕಿಲುಬು ನೋಡಿಯೇ ಅಸಲು ಹೌದೋ ಅಲ್ವೋ ಹೇಳೋದು.

ನಾನು ಒಂದು ಕಾಲೇಜು ಲೈಬ್ರರಿಯ ಆರ್ಕೈವ್ಸಲ್ಲಿ (ಹಳೇ ದಾಖಲೆಗಳ ವಿಭಾಗ) ಕೆಲಸ ಮಾಡ್ತೀನಿ, ಇಂಥ ಪೆಟ್ಟಿಗೆಗಳು ನಮ್ಮ ಟೇಬಲ್ ಮೇಲೆ ಬರ್ತಾನೇ ಇರ್ತವೆ. ಕಾಗದ ಬಿಡಿಬಿಡಿಯಾಗಿ ಮಾರಬೇಡಿ. 63 ಕಾಗದ 63 ಮನೆಗೆ ಹೋದ್ರೆ ಮತ್ತೆ ಯಾವತ್ತೂ ಒಂದಾಗಲ್ಲ. ಒಬ್ಬನೇ ಮನುಷ್ಯನ ಎರಡು ವರ್ಷ, ಕೊನೆಗೆ ಅವನು ಸತ್ತ ಸುದ್ದಿ, ಇದು ಪೂರ್ತಿ ಒಂದು ಕತೆ. ಯೂನಿವರ್ಸಿಟಿ ಲೈಬ್ರರಿಗಳು ಕೊಳ್ಳೋದು ಇಂಥ ಪೂರ್ತಿ ಗುಂಪನ್ನೇ.

ಈಗ ಮಾಡಬೇಕಾದ್ದು ಹೇಳ್ತೀನಿ. ಕೈ ತೊಳೆದು ಒರೆಸ್ಕೊಂಡು ಪ್ರತಿ ಕಾಗದನೂ ಎರಡೂ ಮಗ್ಗುಲು ಸ್ಕ್ಯಾನ್ ಮಾಡಿ, ಲಕೋಟೆ ಅದರದರ ಕಾಗದದ ಜೊತೆಗೇ ಇರಲಿ, ಸ್ಟಾಂಪ್ ಕೀಳಬೇಡಿ, ಹರಿದಿದ್ರೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಕನಸಲ್ಲೂ ಬೇಡ. ಪಾಲಿಯೆಸ್ಟರ್ ಕವರಲ್ಲಿ ಹಾಕಿ ಮನೆಯೊಳಗಿನ ಕಪಾಟಿನಲ್ಲಿಡಿ, ಅಟ್ಟಕ್ಕಾಗ್ಲಿ ಬೇಸ್‌ಮೆಂಟಿಗಾಗ್ಲಿ ವಾಪಸ್ ಹಾಕಬೇಡಿ. 1860ರ ದಶಕದ ಬರೆಯೋ ಕಾಗದ ಹೆಚ್ಚಾಗಿ ಬಟ್ಟೆ ಚಿಂದಿಯಿಂದ ಮಾಡಿದ್ದು, ಗಟ್ಟಿ ಇರುತ್ತೆ. ಮಸಿಯಲ್ಲಿ ಕಬ್ಬಿಣದ ಅಂಶ ಇರೋದ್ರಿಂದ ದಪ್ಪ ಬರೆದ ಕಡೆ ಕಾಗದ ತಿಂದಿರಬಹುದು, ಮಡಿಕೆ ಬಿಡಿಸುವಾಗ ಜೋಪಾನ.

ಒಂದು ವಿಷಯ ಕೇಳ್ತೀನಿ. 63ರಲ್ಲಿ ಎಲ್ಲವೂ ಅವರು ಬರೆದವೇನಾ? ಹೆಂಡತಿ ಅವರಿಗೆ ಬರೆದ ಕಾಗದ ಏನಾದ್ರೂ ಇದ್ಯಾ ನೋಡಿ.

ಅಂಚೆ_ರಾಯರು

ನೋಡಮ್ಮ, ಗಿರಿಜಾ ಅವರು ಹೇಳಿದ್ದು ನೂರಕ್ಕೆ ನೂರು. ನಾನು ನ್ಯೂಜೆರ್ಸಿಯಲ್ಲಿ ಮೂವತ್ತು ವರ್ಷದಿಂದ ಹಳೇ ಲಕೋಟೆ ಸಂಗ್ರಹ ಮಾಡೋನು, ಹರಾಜಿನ ಎರಡೂ ಕಡೆ ಕೂತಿದ್ದೀನಿ.

ಲೆಕ್ಕ ಹೀಗೆ. ಕೂಗು ಮುಗಿದು ಸುತ್ತಿಗೆ ಬಿದ್ದಾಗ 4000 ಡಾಲರ್ ಅಂದ್ರೆ ಕೊಂಡವನು ಅದರ ಮೇಲೆ ಬೈಯರ್ಸ್ ಪ್ರೀಮಿಯಂ ಅಂತ ಹರಾಜಿನವರಿಗೆ ಕೊಡಬೇಕು, 25 ಪರ್ಸೆಂಟ್ ಅಂದ್ಕೊಂಡ್ರೆ ಅವನ ಜೇಬಿಂದ ಹೋಗೋದು 5000. ನಿಮ್ಮ ಕಡೆಯಿಂದ ಕಮಿಷನ್ 15 ಪರ್ಸೆಂಟ್ ಹಿಡಿದ್ರೆ ನಿಮಗೆ ಬರೋದು 3400. ಮಧ್ಯದ 1600 ಹರಾಜಿನವರದ್ದು. ಆದ್ರೆ ಕಮಿಷನ್ ಮಾತಾಡಿ ಇಳಿಸಬಹುದು. ಫೋಟೋ, ಇನ್ಶೂರೆನ್ಸ್, ಸಾಗಾಣಿಕೆ, ಮಾರಾಟ ಆಗದಿದ್ರೆ ವಾಪಸ್ ತರೋ ಖರ್ಚು, ಇವು ಯಾರ ತಲೆಗೆ ಅಂತ ಕರಾರಲ್ಲಿ ಬರೆಸ್ಕೊಳ್ಳಿ. ರಿಸರ್ವ್ ಅಂದ್ರೆ ಇದಕ್ಕಿಂತ ಕಮ್ಮಿಗೆ ಬಿಡಬೇಡಿ ಅನ್ನೋ ಗುಟ್ಟಿನ ಬೆಲೆ, ಅದನ್ನೂ ಬರೆಸಿ. ಅದಕ್ಕಿಂತ ಮುಖ್ಯ, ಲಾಟ್ (ಒಟ್ಟಿಗೆ ಮಾರೋ ಗುಂಪು) ಹೇಗೆ ಕಟ್ತೀರಿ ಅಂತ ಮೊದಲೇ ಕೇಳಿ. ನಾನು ಒಂದ್ಸಲ ಇದನ್ನ ಕೇಳ್ದೆ ಒಂದು ಸಣ್ಣ ಊರಿನ ಹರಾಜಿಗೆ ನಲವತ್ತು ಸೈನಿಕರ ಕಾಗದ ಕೊಟ್ಟೆ, ಅವರು ಅದನ್ನ ಹಳೇ ಪೋಸ್ಟ್‌ಕಾರ್ಡು, ರಸೀದಿ ಪುಸ್ತಕದ ಜೊತೆ ಒಂದೇ ಬಾಕ್ಸ್ ಲಾಟ್ ಮಾಡಿ, ಕ್ಯಾಟಲಾಗಲ್ಲಿ ಒಂದು ಫೋಟೋನೂ ಹಾಕ್ದೆ, 220 ಡಾಲರಿಗೆ ಬಿಟ್ರು. ಆ ಕಾಗದಗಳು ಯಾರ ಮನೆ ಸೇರಿದ್ವೋ ಇವತ್ತಿಗೂ ಗೊತ್ತಿಲ್ಲ, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಎಲ್ಲಾ ವಸ್ತುನೂ ಒಂದೇ ಕಡೆ ಕೊಡಬೇಡಿ. ಆ ಜನನ ಪತ್ರಕ್ಕೆ ಫ್ರಾಕ್ಟುರ್ ಅಂತಾರೆ, ಪೆನ್ಸಿಲ್ವೇನಿಯಾ ಜರ್ಮನ್ನರದ್ದೇ ಕಲೆ. ಬಂದಾತ ಅದನ್ನ ಮೊದಲು ಎತ್ತಿಟ್ಟಿದ್ದು ಸುಮ್ನೆ ಅಲ್ಲ, ಬರೆದ ಕಲಾವಿದ ಯಾರು ಅಂತ ಗುರುತು ಸಿಕ್ರೆ ಅದೊಂದೇ ಅವನ 1800 ದಾಟಬಹುದು. ಡೌನಿಂಗ್‌ಟೌನಲ್ಲಿ ಪುಕ್ ಅಂಡ್ ಪುಕ್ ಅಂತ ಹರಾಜಿನವರಿದ್ದಾರೆ, ಈ ಭಾಗದ ಜಾನಪದ ಕಲೆಯೇ ಅವರ ಕಸುಬು. ಜಾಡಿಗೆ ಮೇರಿಲ್ಯಾಂಡಿನ ಕ್ರಾಕರ್ ಫಾರ್ಮ್ ಅನ್ನೋ ಹರಾಜಿನವರು. 2021ರಲ್ಲಿ ಡೇವಿಡ್ ಡ್ರೇಕ್ ಅನ್ನೋ ಕುಂಬಾರನ ಜಾಡಿ ಅಲ್ಲಿ 15 ಲಕ್ಷ ಡಾಲರ್ ದಾಟ್ತು. ಆತ ಸೌತ್ ಕ್ಯಾರೊಲಿನಾದಲ್ಲಿ ಗುಲಾಮನಾಗಿದ್ದವನು, ಓದು ಬರಹ ಗುಲಾಮರಿಗೆ ನಿಷಿದ್ಧವಾಗಿದ್ದ ಕಾಲದಲ್ಲಿ ಹಸಿ ಮಣ್ಣಿನ ಮೇಲೆ ತನ್ನ ಹೆಸರು, ಪದ್ಯ ಕೆತ್ತಿದ ಮನುಷ್ಯ. ನಿಮ್ಮದು ಆ ಮಟ್ಟದ್ದಲ್ಲದಿದ್ರೂ, ಕೂದಲೆಳೆ ಬಿರುಕು ಇದ್ಯಾ ಅಂತ ಬೆರಳಲ್ಲಿ ಮೆಲ್ಲಗೆ ತಟ್ಟಿ ಶಬ್ದ ಕೇಳಿ.

ಬಂದೂಕು: 1898 ಅಥವಾ ಅದಕ್ಕೂ ಮುಂಚೆ ತಯಾರಾಗಿದ್ರೆ ಫೆಡರಲ್ ಕಾನೂನಲ್ಲಿ ಅದು ಆಂಟಿಕ್, ಮಾರಾಟ ಸುಲಭ. ಆದ್ರೆ ಮುಟ್ಟೋಕೆ ಮುಂಚೆ ಗೊತ್ತಿರೋರನ್ನ ಕರೆಸಿ ನಳಿಗೆಯಲ್ಲಿ ಮದ್ದು ಗುಂಡು ಉಳಿದಿದ್ಯಾ ನೋಡಿಸಿ. ಇಂಥ ಬಂದೂಕು ಗೋಡೆ ಮೇಲೆ ನೂರು ವರ್ಷಕ್ಕೂ ಹೆಚ್ಚು ತುಂಬಿದ ಹಾಗೇ ಇದ್ದಿದ್ದು ಇದೆ.

ಪರ್ಪಲ್ ಹಾರ್ಟ್ ಮಾರೋಕೆ ಕಾನೂನಿನ ಅಡ್ಡಿ ಇಲ್ಲ (ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಮಾರಿದ್ರೆ ಮಾತ್ರ ಫೆಡರಲ್ ಅಪರಾಧ). ಆದ್ರೂ ಅದನ್ನ ಮನೆಯಲ್ಲೇ ಇಟ್ಕೊಳ್ಳಿ ಅಂತ ನನ್ನ ಮಾತು. ಹೆಂಗೆಂಗೋ ಕೈತಪ್ಪಿ ಹೋದ ಪದಕಗಳನ್ನ ಹುಡುಕಿ ಅವರವರ ಮನೆಗೆ ತಲುಪಿಸೋಕೇ ಅಂತ ಪರ್ಪಲ್ ಹಾರ್ಟ್ಸ್ ರಿಯೂನೈಟೆಡ್ ಅನ್ನೋ ಸಂಸ್ಥೆ ಇದೆ, ನಿಮ್ಮದು ಮನೆ ಬಿಟ್ಟು ಹೋಗೋದೇ ಬೇಡ.

ಸಿದ್ದು_ಹುಬ್ಬಳ್ಳಿ

ಸತ್ತವರ ಕಾಗದ ಹರಾಜಿಗಿಡೋದು ಅಂದ್ರೆ ನನಗಂತೂ ಮನಸ್ಸು ಒಪ್ಪಲ್ಲ ಅಕ್ಕಾ. ನಮ್ಮ ಮುತ್ತಜ್ಜನ ಕಾಗದ ಎಲ್ಲಾ ಗೆದ್ದಲು ತಿಂದು ಹೋಯ್ತು, ಒಂದೇ ಒಂದು ಸಾಲು ಉಳಿದಿದ್ರೂ ನಾನು ಕೋಟಿ ಕೊಟ್ರೂ ಕೊಡ್ತಿರ್ಲಿಲ್ಲ. ಫೋಟೋ, ಸ್ಕ್ಯಾನು ಎಲ್ಲಾ ಸರಿ, ಕೈಯಲ್ಲಿ ಹಿಡಿಯೋ ಕಾಗದ ಆಗಲ್ಲ ಅದು.

ಗಿರಿಜಾ_ಓಹಾಯೋ

ಸಿದ್ದು, ನಿಮ್ಮ ನೋವು ಅರ್ಥ ಆಗುತ್ತೆ, ಆದ್ರೆ ಮೂರು ಮನೆಯ ಪಾಲಿನ ವಿಷಯ, ಒಬ್ಬರಿಗೆ ಕಷ್ಟ ಇದೆ ಅಂತ ಅವರೇ ಹೇಳಿದ್ದಾರೆ. ಅದೂ ಅಲ್ದೆ ಮನೆಯಲ್ಲಿ ಇಟ್ಟಿದ್ದೆಲ್ಲಾ ಉಳಿಯುತ್ತೆ ಅಂತಿಲ್ಲ, ಗೆದ್ದಲಿನ ಮಾತು ನೀವೇ ಹೇಳಿದ್ರಿ. ಸರ್ಕಾರದ ಹತ್ರ ಇರೋದೂ ಉಳಿಯಲ್ಲ. 1973ರಲ್ಲಿ ಸೇಂಟ್ ಲೂಯಿಸಿನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1912ರಿಂದ 1960ರೊಳಗೆ ಸೈನ್ಯ ಬಿಟ್ಟವರ ಆರ್ಮಿ ಫೈಲುಗಳಲ್ಲಿ ಸುಮಾರು 80 ಪರ್ಸೆಂಟ್ ಸುಟ್ಟುಹೋದ್ವು. ಮಲೆನಾಡ ಮಗಳು, ನಿಮ್ಮ ಅಜ್ಜನ ಫೈಲೂ ಅದರಲ್ಲಿ ಹೋಗಿರಬಹುದು, ಹಾಗಾಗಿ ಆ ವಿ-ಮೇಲ್‌ಗಳನ್ನ ಹಗುರವಾಗಿ ನೋಡಬೇಡಿ. ಬರೆದ ಹಾಳೆನ ಮೈಕ್ರೋಫಿಲ್ಮ್ ಮಾಡಿ ಹಡಗು ವಿಮಾನದಲ್ಲಿ ಜಾಗ ಉಳಿಸಿ ಈ ಕಡೆ ಮತ್ತೆ ಪ್ರಿಂಟ್ ಹಾಕ್ತಿದ್ರು, ಅದಕ್ಕೇ ಅಷ್ಟು ಪುಟ್ಟದು. ಹರಾಜಲ್ಲಿ ಅವಕ್ಕೆ ದೊಡ್ಡ ಬೆಲೆ ಇಲ್ಲ, ಕ್ಯಾಲಿಫೋರ್ನಿಯಾದ ಚಾಪ್‌ಮನ್ ಯೂನಿವರ್ಸಿಟಿಯಲ್ಲಿ ಯುದ್ಧದ ಕಾಗದಗಳಿಗೇ ಅಂತ ಒಂದು ಕೇಂದ್ರ ಇದೆ, ನಿಮ್ಮ ಹತ್ರದಲ್ಲೇ ಕಾರ್ಲೈಲಲ್ಲಿ ಆರ್ಮಿಯದ್ದೇ ಹೆರಿಟೇಜ್ ಸೆಂಟರ್ ಇದೆ, ದಾನ ಕೊಡೋದಾದ್ರೆ ಕೇಳಿ ನೋಡಿ.

ಆ ಹೆಸರಿನ ಪಟ್ಟಿ ಮಾತ್ರ ಹರಾಜಿಗೆ ಹಾಕೋಕೆ ಮುಂಚೆ ಗೊತ್ತಿರೋರಿಗೆ ತೋರಿಸಿ. ಸರ್ಕಾರದ ಅಸಲು ದಾಖಲೆ ಆಗಿದ್ರೆ ನ್ಯಾಷನಲ್ ಆರ್ಕೈವ್ಸ್ (ಫೆಡರಲ್ ಸರ್ಕಾರದ ದಾಖಲೆ ಇಡೋ ಸಂಸ್ಥೆ) ಇದು ನಮ್ಮದು ಅಂತ ಕೇಳಬಹುದು, ಎಷ್ಟು ವರ್ಷ ಆಗಿದ್ರೂ ಸರಿ. 1865ರಲ್ಲಿ ಯೂನಿಯನ್ ಸೈನಿಕನೊಬ್ಬ ನಾರ್ತ್ ಕ್ಯಾರೊಲಿನಾ ರಾಜ್ಯದ ಬಿಲ್ ಆಫ್ ರೈಟ್ಸ್ (ಸಂವಿಧಾನದ ಹಕ್ಕುಗಳ ಪಟ್ಟಿ) ಪ್ರತಿನ ಎತ್ಕೊಂಡು ಹೋಗಿದ್ದ, ಎಷ್ಟೋ ವರ್ಷದ ಮೇಲೆ ಬೇರೆಯವರು ಅದನ್ನ ಮಾರೋಕೆ ಹೊರಟಾಗ 2003ರಲ್ಲಿ ಎಫ್‌ಬಿಐ ವಶಪಡಿಸ್ಕೊಂಡ್ರು.

ಟ್ಯಾಕ್ಸ್_ಮಂಜು

ಒಂದೇ ಮಾತು. ಅಜ್ಜಿ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ಟ್ಯಾಕ್ಸ್ ಲೆಕ್ಕದಲ್ಲಿ ನಿಮ್ಮ ಅತ್ತೆಯವರಿಗೆ ಮೂಲ ಬೆಲೆ, ಹಾಗಾಗಿ ಈಗಲೇ ಮಾರಿದ್ರೆ ಲಾಭ ಅಂತ ಹೆಚ್ಚು ಉಳಿಯಲ್ಲ, ಟ್ಯಾಕ್ಸೂ ಕಮ್ಮಿ. ಅದಕ್ಕೆ ಮೊದಲು ಒಬ್ಬ ಸ್ವತಂತ್ರ ಅಪ್ರೈಸರ್ ಕೈಲಿ ಬರವಣಿಗೆಯಲ್ಲಿ ಬೆಲೆ ಕಟ್ಟಿಸಿ. ಬೆಲೆ ಕಟ್ಟೋನೇ ಕೊಳ್ಳೋನೂ ಆಗಬಾರದು. ದಾನ ಕೊಟ್ಟು ವಿನಾಯಿತಿ ಕೇಳೋದಾದ್ರೆ 5000 ಡಾಲರ್ ಮೇಲೆ ಅಪ್ರೈಸಲ್ ಕಡ್ಡಾಯ, ಫಾರ್ಮ್ 8283 ತುಂಬಬೇಕು.

ಮಲೆನಾಡ_ಮಗಳು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಗಿರಿಜಾ ಅವರೇ, ನೀವು ಕೇಳಿದ್ದಕ್ಕೆ ನಿನ್ನೆ ರಾತ್ರಿ ಎಲ್ಲಾ ಬಿಡಿಸಿ ನೋಡಿದ್ವಿ. ಐದು ಕಾಗದ ಹೆಂಡತಿ ಬರೆದವು! ಬಾಕಿ ಎಲ್ಲಾ ಸಾಕ್ಸ್ ಕಳಿಸು, ಸ್ಟಾಂಪ್ ಕಳಿಸು, ಹಸು ಕರು ಹಾಕ್ತಾ ಅಂತಿದ್ರೆ, ಇವು ಆ ಕಡೆಯ ಉತ್ತರ. ಒಂದರಲ್ಲಿ ಮಗುವಿನ ಕೈಯನ್ನ ಹಾಳೆ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದಿದ್ದಾಳೆ, ನನ್ನ ಅಂಗೈ ಅದರ ಮೇಲಿಟ್ರೆ ಆ ಪುಟ್ಟ ಬೆರಳುಗಳು ನನ್ನ ಬೆರಳ ಬುಡದ ಹತ್ರಕ್ಕೇ ಮುಗಿದುಹೋಗುತ್ತೆ. ಇವನು ಈಗ ಇಷ್ಟು ದೊಡ್ಡವನಾಗಿದ್ದಾನೆ ಅಂತ ಪಕ್ಕದಲ್ಲಿ ಬರೆದಿದ್ದಾಳೆ. ಎಂಟು ಮಡಿಕೆ ಮಡಚಿ ಮಡಚಿ ಗೆರೆಗಳಲ್ಲಿ ಕಾಗದ ತೂತು ಬಿದ್ದಿದೆ.

ಗಿರಿಜಾ_ಓಹಾಯೋ

ಅಯ್ಯೋ, ಓದಿ ಗಂಟಲು ಕಟ್ಟಿತು. ಮನೆಗೆ ಬಂದ ಕಾಗದ ಪೆಟ್ಟಿಗೆಯಲ್ಲಿ ಉಳಿಯುತ್ತೆ, ಸೈನಿಕನಿಗೆ ಹೋದ ಕಾಗದ ಮಳೆ, ಕೆಸರು, ನಡಿಗೆಯಲ್ಲಿ ಹಾಳಾಗುತ್ತೆ, ಅದಕ್ಕೇ ಹೆಂಡತಿ ಬರೆದವು ಅಪರೂಪ. ಆ ಮಡಿಕೆ ನೋಡಿದ್ರೆ ಅವರು ಜೇಬಲ್ಲೇ ಇಟ್ಕೊಂಡಿದ್ರು ಅನ್ಸುತ್ತೆ, ಸತ್ತ ಮೇಲೆ ಉಳಿದ ಸಾಮಾನಿನ ಜೊತೆ ವಾಪಸ್ ಬಂದಿರಬೇಕು. ದಯವಿಟ್ಟು ಆ ಐದನ್ನ ಉಳಿದ 58ರಿಂದ ಬೇರೆ ಮಾಡಬೇಡಿ.

ಮಲೆನಾಡ_ಮಗಳು

ಬೇರೆ ಮಾಡಲ್ಲ. ಅಕ್ಕತಂಗಿಯರು ಮೂವರೂ ಇವತ್ತು ಫೋನಲ್ಲಿ ಮಾತಾಡ್ಕೊಂಡ್ರು. 63ನ್ನೂ ಒಂದೇ ಗುಂಪಾಗಿ ಮೊದಲು ಎರಡು ಲೈಬ್ರರಿಗೆ ಕೇಳೋದು, ಅವರ ಬೆಲೆ ಆಗಿಬರದಿದ್ರೆ ಒಂದೇ ಲಾಟ್ ಅಂತ ಕರಾರು ಬರೆಸಿ ಹರಾಜಿಗೆ. ಫ್ರಾಕ್ಟುರ್, ಜಾಡಿ ಹರಾಜಿಗೆ ಹೋಗುತ್ತೆ, ಕಷ್ಟದಲ್ಲಿರೋರಿಗೆ ಆ ದುಡ್ಡು ಮೊದಲು. ಪದಕ ನನ್ನ ಮಗನಿಗೆ ಅಂತ ಅತ್ತೆ ಹೇಳಿದ್ರು, ಕ್ವಿಲ್ಟು ಅತ್ತೆ ಹತ್ರನೇ. ಬಂದೂಕಿಗೆ ನಾಳೆ ಒಬ್ಬರು ಬರ್ತಿದ್ದಾರೆ, ಅಲ್ಲಿವರೆಗೆ ಆ ರೂಮಿಗೆ ಬೀಗ. ಅಪ್ರೈಸರಿಗೆ ಶುಕ್ರವಾರ ಟೈಮ್ ಸಿಕ್ಕಿದೆ. ರಾಯರೇ, ಕರಾರಿನ ಕರಡು ಬಂದ ಮೇಲೆ ಒಂದ್ಸಲ ನೋಡಿಕೊಡ್ತೀರಾ?

ಅಂಚೆ_ರಾಯರು

ಕಳಿಸಮ್ಮ, ಖಂಡಿತ ನೋಡ್ತೀನಿ. ಸಹಿ ಮಾತ್ರ ಅದಕ್ಕೆ ಮುಂಚೆ ಹಾಕಬೇಡಿ.