ನುಡಿಸುವವರು ಎದ್ದುಹೋದರೂ ‘ರೇನ್‌ಫಾರೆಸ್ಟ್’ ಅದೇ ಕೃತಿಯೇ?

ನಾದಲೋಲ:
ಅಮೆರಿಕದ ಇಲೆಕ್ಟ್ರಾನಿಕ್ ಸಂಗೀತ ಸಂಯೋಜಕ ಡೇವಿಡ್ ಟ್ಯೂಡರ್ ಅವರ ‘ರೇನ್‌ಫಾರೆಸ್ಟ್’ ಕುರಿತು ಒಂದು ತಕರಾರು. 1968ರಲ್ಲಿ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ನೃತ್ಯಕ್ಕಾಗಿ ಹುಟ್ಟಿದ ಕೃತಿಯಿದು. 1973ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಕಾರ್ಯಾಗಾರದಲ್ಲಿ ಇದರ ನಾಲ್ಕನೆಯ ರೂಪ ಸಿದ್ಧವಾಯಿತು. ಪೀಪಾಯಿ, ತಗಡು, ಕೊಳವೆ ಮೊದಲಾದವನ್ನು ಚಾವಣಿಯಿಂದ ತೂಗುಬಿಟ್ಟು, ಅವುಗಳ ಮೈಗೆ ಕಂಪನ ಕೊಡುವ ಟ್ರಾನ್ಸ್‌ಡ್ಯೂಸರ್ ಜೋಡಿಸುತ್ತಾರೆ. ಅಲ್ಲಿ ವಸ್ತುವೇ ಸ್ಪೀಕರ್. ಅದರ ಅನುರಣನವನ್ನು ಇನ್ನೊಂದು ಪುಟ್ಟ ಮೈಕ್ ಹಿಡಿದು ಕೋಣೆಯ ಧ್ವನಿವರ್ಧಕಗಳಿಗೆ ಕಳುಹಿಸುತ್ತದೆ. ಹಲವರು ಮೇಜಿನ ಮುಂದೆ ಕುಳಿತು ಗಂಟೆಗಟ್ಟಲೆ ಮನೋಧರ್ಮದಿಂದ ನುಡಿಸುತ್ತಿದ್ದರೆ, ಪ್ರೇಕ್ಷಕರು ವಸ್ತುಗಳ ನಡುವೆ ಅಡ್ಡಾಡುತ್ತಾರೆ. ಆದರೆ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ 2019ರಲ್ಲಿ ಪ್ರದರ್ಶಿಸಿದ್ದು ಐದನೆಯ ರೂಪವನ್ನು. ಅದರಲ್ಲಿ ನುಡಿಸುವವರೇ ಇಲ್ಲ, ಎಲ್ಲವನ್ನೂ ಕಂಪ್ಯೂಟರ್ ನಡೆಸುತ್ತದೆ. ಹೆಸರು ಉಳಿದಿದೆ, ಜೀವ ಹೋಗಿದೆ ಎನ್ನುತ್ತೇನೆ.

ಪಡಸಾಲೆ:
ಆ ಪ್ರದರ್ಶನಕ್ಕೆ ನಾನು ಹೋಗಿದ್ದೆ. ಜನ ಪೀಪಾಯಿಯೊಳಗೆ ತಲೆ ತೂರಿಸಿ ಕೇಳುತ್ತಿದ್ದರು. ಹಳೆಯ ಕಂಪ್ಯೂಟರ್ ಡಿಸ್ಕ್ ಒಂದು ಹಕ್ಕಿಯಂತೆ ಚಿಲಿಪಿಲಿಗುಟ್ಟುತ್ತಿತ್ತು. ನುಡಿಸುವವರೆಲ್ಲಿ ಎಂದು ಯಾರೂ ಹುಡುಕಲಿಲ್ಲ. ಇನ್ನೊಂದು ಮಾತು: ಐದನೆಯ ರೂಪವನ್ನು ಕಟ್ಟಿದ ಜಾನ್ ಡ್ರಿಸ್ಕಾಲ್, ಫಿಲ್ ಎಡೆಲ್‌ಸ್ಟೈನ್ ಇಬ್ಬರೂ ಟ್ಯೂಡರ್ ಜೊತೆಯಲ್ಲೇ ದುಡಿದವರು. ಟ್ಯೂಡರ್ ತೀರಿಕೊಂಡದ್ದು 1996ರಲ್ಲಿ. ವಾರಸುದಾರರ ಕೆಲಸವನ್ನು ಹೊರಗಿನವರು ಬಂದು ನಕಲಿ ಎನ್ನುವುದು ಹೇಗೆ?

ಹಿಮ್ಮೇಳ:
ನಕಲಿ ಎಂದು ನಾದಲೋಲರು ಹೇಳಿಲ್ಲ, ಬೇರೆ ಎನ್ನುತ್ತಿದ್ದಾರೆ. ತಾಳಮದ್ದಳೆಯನ್ನೇ ನೋಡಿ. ಪದ್ಯ ಅದೇ, ಪ್ರಸಂಗ ಅದೇ. ಆದರೂ ಎದುರು ಕುಳಿತ ಅರ್ಥಧಾರಿ ಏನು ಕೇಳುತ್ತಾನೋ ಅದರ ಮೇಲೆ ಕೃಷ್ಣನ ಉತ್ತರ ಬದಲಾಗುತ್ತದೆ. ಧ್ವನಿಮುದ್ರಿಕೆ ಕೇಳಿ ನಾವು ಸಂತೋಷಪಡುತ್ತೇವೆ, ಅದನ್ನೇ ಕೂಟ ಎಂದು ಕರೆಯುವುದಿಲ್ಲ.

ಪಡಸಾಲೆ:
ಆ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಐದನೆಯ ರೂಪ ಧ್ವನಿಮುದ್ರಿಕೆಯಲ್ಲ. ವಸ್ತುಗಳು ಅಲ್ಲೇ, ಆ ಕ್ಷಣದಲ್ಲೇ ಕಂಪಿಸುತ್ತವೆ. ನೀವು ಕಿವಿಯೊಡ್ಡುವ ಜಾಗ ಬದಲಾದರೆ ಕೇಳಿಸುವುದೂ ಬದಲಾಗುತ್ತದೆ. ಟ್ಯೂಡರ್‌ಗೆ ಬೇಕಿದ್ದದ್ದು ವಸ್ತು ತನ್ನ ಸ್ವಭಾವವನ್ನು ತಾನೇ ಹೇಳಿಕೊಳ್ಳಬೇಕು ಎಂಬುದು. ನುಡಿಸುವವರ ಜಾಣ್ಮೆಯನ್ನು ಮೆರೆಸುವುದು ಅವರ ಉದ್ದೇಶವಾಗಿರಲಿಲ್ಲ.

ಕಡಲತಡಿ:
ಕ್ಷಮಿಸಿ, ಇದೆಲ್ಲ ದುಡ್ಡಿರುವವರ ಶೋಕಿ. ಗುಜರಿ ಅಂಗಡಿಯಲ್ಲಿ ನಿಂತರೆ ಇದೇ ಸದ್ದು ಪುಕ್ಕಟೆ ಕೇಳಬಹುದು. ಅಮೆರಿಕದವರ ಈ ಹುಚ್ಚಿಗೂ ನಮಗೂ ಏನು ಸಂಬಂಧ?

ಹಿಮ್ಮೇಳ:
ಸಂಬಂಧವಿದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, ಮೂಗ್ ಸಿಂಥೆಸೈಸರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಇಟ್ಟು ಇಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಕಟ್ಟಿಕೊಟ್ಟವರು ಇದೇ ಟ್ಯೂಡರ್. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅಲ್ಲಿ ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಸಂಸ್ಥೆಯಲ್ಲೇ ಬಿದ್ದಿದ್ದು, 2023ರಲ್ಲಿ ಆಲ್ಬಮ್ ಆಗಿ ಹೊರಬಂದವು. ಗುಜರಿ ಅಂಗಡಿಯ ಮಾತು ಮಾತ್ರ ಟ್ಯೂಡರ್ ಕೇಳಿದ್ದರೆ ಮೆಚ್ಚುತ್ತಿದ್ದರೇನೋ!

ನಾದಲೋಲ:
ಪಡಸಾಲೆಯವರೇ, ವಸ್ತುವಿನ ಸ್ವಭಾವ ಎಂದಿರಿ. ಅಲ್ಲಿಗೇ ಬರುತ್ತೇನೆ. ಯಾವ ತಗಡಿಗೆ ಯಾವ ಸದ್ದು ಒಗ್ಗುತ್ತದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ನುಡಿಸುವವರು ಒಂದು ಸ್ವರ ಕೊಟ್ಟು ನೋಡುತ್ತಾರೆ, ತಗಡು ಒಲ್ಲೆ ಎನ್ನುತ್ತದೆ, ಇನ್ನೊಂದು ಕೊಡುತ್ತಾರೆ, ಈ ಸಲ ಇಡೀ ತಗಡು ಮೊರೆಯುತ್ತದೆ. ಅಷ್ಟರಲ್ಲಿ ಪಕ್ಕದವರು ತಮ್ಮ ಪೀಪಾಯಿಯಲ್ಲಿ ಏನನ್ನೋ ಎಬ್ಬಿಸಿದರೆ ಇವರು ತಗ್ಗಬೇಕು. ಕೋಣೆಯಲ್ಲಿ ಜನ ತುಂಬಿದಾಗ ಒಂದು ರೀತಿ, ಖಾಲಿಯಾದಾಗ ಇನ್ನೊಂದು ರೀತಿ. ಈ ಕೇಳುವಿಕೆಯೇ ನನಗೆ ಕೃತಿ. ಪ್ರೋಗ್ರಾಂ ಸದ್ದು ಕಳುಹಿಸುತ್ತದೆ, ಕಿವಿಗೊಡುವುದಿಲ್ಲ.

ಪಡಸಾಲೆ:
ಸರಿ, ಹಾಗಾದರೆ ತಿಂಗಳುಗಟ್ಟಲೆ ನಡೆಯುವ ಪ್ರದರ್ಶನದಲ್ಲಿ ಬೆಳಗಿನಿಂದ ಸಂಜೆಯವರೆಗೆ ನುಡಿಸುವವರನ್ನು ಕೂರಿಸುವುದು ಯಾರು? ಅವರ ಸಂಬಳ ಯಾರು ಕೊಡುತ್ತಾರೆ? ಇಲ್ಲದಿದ್ದರೆ ಪೆಟ್ಟಿಗೆಯಲ್ಲಿ ಕಟ್ಟಿಡಬೇಕಷ್ಟೆ.

ನಾದಲೋಲ:
ವಾರಕ್ಕೊಂದು ಸಂಜೆ ನುಡಿಸಿ ಉಳಿದ ದಿನ ಕಂಪ್ಯೂಟರಿಗೆ ಬಿಡಲಿ, ನನ್ನ ಅಡ್ಡಿಯಿಲ್ಲ. ಇಂದು ನುಡಿಸುವವರಿಲ್ಲ ಎಂದು ಬಾಗಿಲಲ್ಲೇ ಬರೆದು ಹಾಕಲಿ.

ಕಡಲತಡಿ:
ಆ ಸಂಜೆಯ ಟಿಕೆಟ್ ಮಾತ್ರ ದುಬಾರಿಯಾಗುತ್ತದೆ, ನೋಡುತ್ತಿರಿ.