ದರೋಡೆ ಸಿನಿಮಾ ನೋಡುವಾಗ ನಾವು ಕಳ್ಳರ ಕಡೆ ಯಾಕೆ?

ಬಾಲ್ಕನಿ ಟಿಕೆಟ್
'ಇನ್‌ಸೈಡ್ ಮ್ಯಾನ್' ಮತ್ತೆ ನೋಡಿದೆ. 2006ರ ಸಿನಿಮಾ, ಸ್ಪೈಕ್ ಲೀ ನಿರ್ದೇಶನ. ನೋಡದವರು ಇಲ್ಲಿಂದಲೇ ವಾಪಸ್ ಹೋಗಿ, ಮುಂದೆ ಗುಟ್ಟೆಲ್ಲ ಬಯಲಾಗುತ್ತದೆ.

ಪೇಂಟರ್ ವೇಷದ ದರೋಡೆಕೋರರು ಮ್ಯಾನ್‌ಹಟನ್‌ನ ಒಂದು ಬ್ಯಾಂಕಿಗೆ ನುಗ್ಗುತ್ತಾರೆ. ಒಳಗಿದ್ದವರಿಗೆಲ್ಲ ತಮ್ಮಂಥದ್ದೇ ಬಟ್ಟೆ, ಮುಸುಕು ಹಾಕಿಸುತ್ತಾರೆ. ಕೊನೆಗೆ ಎಲ್ಲರೂ ಒಟ್ಟಿಗೆ ಹೊರಗೆ ಓಡಿ ಬಂದಾಗ ಕಳ್ಳ ಯಾರು, ಒತ್ತೆಯಾಳು ಯಾರು ಅಂತ ಪೊಲೀಸರಿಗೆ ತಿಳಿಯುವುದಿಲ್ಲ. ನೋಡಿದರೆ ಬ್ಯಾಂಕಿನ ನಗದು ಹಾಗೇ ಇದೆ. ಬಂದೂಕುಗಳು ಆಟಿಕೆ. ಒಬ್ಬರೂ ಸತ್ತಿಲ್ಲ.

ಪತ್ತೇದಾರನ ಪಾತ್ರದಲ್ಲಿ ಡೆನ್ಜೆಲ್ ವಾಷಿಂಗ್ಟನ್ ಇದ್ದರೂ ನಾನು ಮಾತ್ರ ಕಳ್ಳ ಕ್ಲೈವ್ ಓವನ್ ತಪ್ಪಿಸಿಕೊಳ್ಳಲಿ ಅಂತ ಕಾಯುತ್ತಾ ಕೂತಿದ್ದೆ. ನಿಮಗೂ ಹೀಗೇನಾ?

ಕ್ಯಾಶ್ ಕೌಂಟರ್
ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೂ ಹೀಗೇ ಆಗುತ್ತದೆ, ಏನು ಮಾಡಲಿ.

ನಮ್ಮಲ್ಲಿ ಲಾಕರ್ ತೆಗೆಯಲು ಎರಡು ಕೀ ಬೇಕು. ಮಾಸ್ಟರ್ ಕೀ ನಮ್ಮದು, ಇನ್ನೊಂದು ಗ್ರಾಹಕರದು. ನಮ್ಮದನ್ನು ತಿರುಗಿಸಿ ಆಚೆ ಬಂದುಬಿಡುತ್ತೇವೆ. ಒಳಗೆ ಏನಿಟ್ಟಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ, ಕೇಳುವ ಹಾಗೂ ಇಲ್ಲ. ಈ ಸಿನಿಮಾ ನಿಂತಿರುವುದೇ ಅದರ ಮೇಲೆ. 392ನೇ ಲಾಕರ್ ಬ್ಯಾಂಕಿನ ದಾಖಲೆಯಲ್ಲೇ ಇಲ್ಲ. ಬ್ಯಾಂಕ್ ಕಟ್ಟಿದ ಮುದುಕ ನಾಜಿಗಳ ಜೊತೆ ವ್ಯವಹಾರ ಮಾಡಿದ್ದ. ಅದರ ಕಾಗದ, ವಜ್ರ, ಒಂದು ಉಂಗುರ ಅಲ್ಲಿವೆ. ಕಳುವಾಯಿತು ಅಂತ ಅವನು ದೂರು ಕೊಡಲೂ ಆಗದು. ಕಳ್ಳನಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಎಲ್ಲಿ ಸಿಗುತ್ತಾನೆ?

ರೀಲ್ ಡಬ್ಬ
ಅದೇ ಮೋಸ ಸಾರ್. ಕಳೆದುಕೊಳ್ಳುವವನು ಪಾಪಿ. ಬಂದೂಕು ಸುಳ್ಳು. ಒತ್ತೆಯಾಳನ್ನು ಗುಂಡಿಟ್ಟು ಕೊಂದಿದ್ದೂ ನಾಟಕ. ಇಷ್ಟೆಲ್ಲ ಸೋಪು ಹಚ್ಚಿ ತೊಳೆದ ಮೇಲೆ ಉಳಿದಿದ್ದನ್ನು ದರೋಡೆ ಅಂತ ಯಾಕೆ ಕರೀಬೇಕು? ಬರೆದವನು ನಮ್ಮ ಮನಸ್ಸಾಕ್ಷಿಗೆ ಲಂಚ ಕೊಟ್ಟಿದ್ದಾನೆ.

ಇನ್ನೊಂದು. ಆ ಮುದುಕ ಆ ಕಾಗದವನ್ನು ಅಷ್ಟು ದಶಕ ಯಾಕೆ ಜೋಪಾನ ಮಾಡಿದ? ಒಂದು ಬೆಂಕಿಕಡ್ಡಿ ಸಾಕಿತ್ತು. ಕಥೆಯೇ ಇರುತ್ತಿರಲಿಲ್ಲ.

ಸುಮ್ನೆ ಓದುವವಳು
ಸುಡದೇ ಇಟ್ಟುಕೊಂಡಿದ್ದು ನನಗೆ ತಪ್ಪು ಅನಿಸಲಿಲ್ಲ. ಬೇಡದ ಕಾಗದ ಎಷ್ಟು ಮನೆಗಳ ಬೀರುವಿನಲ್ಲಿ ಇಲ್ಲ?

ನನಗೆ ಹಿಡಿಸುವುದು ಕೆಲಸದ ಅಚ್ಚುಕಟ್ಟು. ಮದುವೆ ಮನೆಯಲ್ಲಿ ಬಡಿಸುವವರು ಒಂದು ಎಲೆಯನ್ನೂ ಬಿಡದೆ ಸಾಲು ಮುಗಿಸುತ್ತಾರಲ್ಲ, ಅದನ್ನು ನೋಡುವ ಖುಷಿ. ನೆಲ ಅಗೆಯುವ ದೃಶ್ಯ ನೆನಪಿದೆಯಾ? ನಾವೆಲ್ಲ ಸುರಂಗ ಅಂದುಕೊಳ್ಳುತ್ತೇವೆ. ಹಳೆ ಸಿನಿಮಾಗಳಲ್ಲಿ ನೋಡಿದ್ದೇ ಅದು ಅಲ್ವಾ. ಇವರು ಸಾಮಾನು ಕೋಣೆಯಲ್ಲಿ ಒಂದು ಸುಳ್ಳು ಗೋಡೆ ಕಟ್ಟುತ್ತಾರೆ. ಕಳ್ಳರ ನಾಯಕ ಅದರ ಹಿಂದೆ ಒಂದು ವಾರ ಅಡಗಿ ಕೂರುತ್ತಾನೆ. ಆ ಗುಂಡಿ ಅವನ ಪಾಯಿಖಾನೆ! ಆಮೇಲೆ ಬ್ಯಾಂಕ್ ತೆರೆದಿರುವಾಗಲೇ ಮುಂದಿನ ಬಾಗಿಲಿನಿಂದ ನಡೆದು ಹೋಗುತ್ತಾನೆ.

ಇಂಥ ಸಿನಿಮಾಗಳಲ್ಲಿ ಪ್ಲಾನ್ ಮೊದಲೇ ಪೂರ್ತಿ ಹೇಳಿಬಿಟ್ಟರೆ ಕಥೆಯಲ್ಲಿ ಆ ಪ್ಲಾನ್ ಕೆಡುತ್ತದೆ ಅಂತ ಲೆಕ್ಕ. ಹೇಳದಿದ್ದರೆ ಗೆಲ್ಲುತ್ತದೆ. ಇಲ್ಲಿ ಹೇಳುವುದಿಲ್ಲ. ಬದಲಿಗೆ ಒತ್ತೆಯಾಳುಗಳನ್ನು ಪೊಲೀಸರು ಆಮೇಲೆ ವಿಚಾರಣೆ ಮಾಡುವುದನ್ನು ನಡುನಡುವೆ ಬಣ್ಣ ಮಾಸಿದ ಶಾಟ್‌ಗಳಲ್ಲಿ ತೋರಿಸುತ್ತಾರೆ. ಇವರೆಲ್ಲ ಬದುಕಿ ಬಂದಿದ್ದಾರೆ ಅಂತ ಮೊದಲೇ ಗೊತ್ತಾಯಿತು. ಇನ್ನು ಕುತೂಹಲ ಇರುವುದು 'ಹೇಗೆ' ಅನ್ನುವುದರಲ್ಲಿ ಮಾತ್ರ.

ತುಂಗಾ ತೀರ
ಅಚ್ಚುಕಟ್ಟು ಅಂತೀರಿ ಮೇಡಂ. ನಮ್ಮ ಕಡೆಯದ್ದು ಒಂದು ಕೇಳಿ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ 17 ಕೆಜಿಗೂ ಜಾಸ್ತಿ ಚಿನ್ನ ಹೋಯಿತು. ವಾರದ ಕೊನೆ, ಬ್ಯಾಂಕ್ ರಜೆ. ಕಿಟಕಿಯ ಸರಳು ತೆಗೆದು ಒಳಗೆ ಹೋದರು. ಗ್ಯಾಸ್ ಕಟ್ಟರ್‌ನಿಂದ ಲಾಕರ್ ಕೊಯ್ದರು. ಸಿಸಿಟಿವಿಯ ಡಿವಿಆರ್, ಅಂದರೆ ರೆಕಾರ್ಡಿಂಗ್ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರು. ಖಾರದ ಪುಡಿ ಚೆಲ್ಲಿದರು. ಪೊಲೀಸರು ಹಿಡಿದಿದ್ದು ಮುಂದಿನ ವರ್ಷ. ಚಿನ್ನ ಸಿಕ್ಕಿದ್ದು ಮಧುರೈ ಕಡೆಯ ಒಂದು ಬಾವಿಯಲ್ಲಿ. ಸಾಲದ ಅರ್ಜಿ ತಿರಸ್ಕಾರವಾದ ಸಿಟ್ಟು ಇತ್ತು, 'ಮನಿ ಹೈಸ್ಟ್' ಅನ್ನುವ ದರೋಡೆ ಸೀರೀಸ್ ನೋಡಿ ಯೋಚನೆ ಬಂತು ಅಂತ ಪೊಲೀಸರೇ ಹೇಳಿದರು.

ಅದು ಯಾವ ನಾಜಿಯ ವಜ್ರವೂ ಆಗಿರಲಿಲ್ಲ. ಊರಿನವರು ಅಡವಿಟ್ಟ ಸರ, ಬಳೆ, ಓಲೆ.

ರೀಲ್ ಡಬ್ಬ
ಮೇಲಿನದಕ್ಕೆ ನೂರು ಲೈಕ್. ಸಿನಿಮಾದವರು ಇದನ್ನು ತೆಗೆಯುವುದಿಲ್ಲ ನೋಡಿ.

ಬಾಲ್ಕನಿ ಟಿಕೆಟ್
ಸಿನಿಮಾ ನೋಡಿ ಕಳ್ಳರಾದರು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನೋಡಿದ ಕೋಟ್ಯಂತರ ಜನ ಮಾರನೇ ದಿನ ಎದ್ದು ಆಫೀಸಿಗೇ ಹೋದರು. ಗ್ಯಾಸ್ ಕಟ್ಟರ್ ಹಿಡಿದ ಸುದ್ದಿಗಳೂ ಆ ಸೀರೀಸ್‌ಗಿಂತ ಹಳೆಯವು.

ಕ್ಯಾಶ್ ಕೌಂಟರ್
ತುಂಗಾ ತೀರ ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಅಡವಿಟ್ಟ ಚಿನ್ನವನ್ನು ನಾವೇ ತೂಕ ಹಾಕಿ ಬರೆದುಕೊಂಡಿರುತ್ತೇವೆ, ಯಾರದು ಎಷ್ಟು ಅಂತ ಲೆಕ್ಕ ಇರುತ್ತದೆ. ಲಾಕರ್ ಹಾಗಲ್ಲ. 2022ರಿಂದ ಬಂದ ಆರ್‌ಬಿಐ ನಿಯಮದಂತೆ, ಕಳ್ಳತನ ಆದರೆ ಬ್ಯಾಂಕಿನ ಹೊಣೆ ಲಾಕರ್‌ನ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿ ಅಂದರೆ 3 ಲಕ್ಷ. ಅಮ್ಮನ ಒಡವೆ ಅದಕ್ಕಿಂತ ಜಾಸ್ತಿ ಇದ್ದರೆ ಪ್ರತ್ಯೇಕ ವಿಮೆ ಮಾಡಿಸಿಕೊಳ್ಳಿ. ಸಿನಿಮಾ ಚರ್ಚೆಯಲ್ಲಿ ಇದು ಬೇಡವಿತ್ತು, ಆದರೂ ಇರಲಿ.

ಎಡಿಸನ್ ಕನ್ನಡತಿ
ನ್ಯೂಜೆರ್ಸಿಯಿಂದ ನಮಸ್ಕಾರ. ಒತ್ತೆಯಾಳಾಗಿದ್ದ ಸಿಖ್ ನೌಕರನ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ? ದರೋಡೆಕೋರರು ಅವನನ್ನು ಹೊರಗೆ ಕಳಿಸುತ್ತಾರೆ. ಗಡ್ಡ, ಪೇಟ ಕಂಡ ಕೂಡಲೇ ಪೊಲೀಸರು ಅರಬ್ ಅಂತ ಕೂಗಿ ನೆಲಕ್ಕೆ ಕೆಡವುತ್ತಾರೆ, ಪೇಟ ಕಿತ್ತುಹಾಕುತ್ತಾರೆ. ಆಮೇಲೆ ಪತ್ತೇದಾರ ಮಾಹಿತಿ ಕೇಳಿದರೆ ಅವನದು ಒಂದೇ ಹಟ, ಮೊದಲು ನನ್ನ ಪೇಟ ಕೊಡಿ. 2001ರ ಭಯೋತ್ಪಾದಕ ದಾಳಿಯ ನಂತರ ಇಲ್ಲಿ ಪೇಟ ಕಟ್ಟಿದವರನ್ನು ಜನ ಹೇಗೆ ನೋಡುತ್ತಿದ್ದರು ಅಂತ ನಮಗೆ ಗೊತ್ತು. ಅಚ್ಚುಕಟ್ಟು ಅಚ್ಚುಕಟ್ಟು ಅಂತೀರಲ್ಲ, ನನಗೆ ಉಳಿದಿದ್ದು ಈ ಅಚ್ಚುಕಟ್ಟಿಲ್ಲದ ಎರಡು ದೃಶ್ಯ.

ಮತ್ತೆ ಶುರುವಿನಲ್ಲಿ 'ಛಯ್ಯಾ ಛಯ್ಯಾ'! ನ್ಯೂಯಾರ್ಕ್ ಬೀದಿಯ ಮೇಲೆ ರೆಹಮಾನ್ ಸಂಗೀತ. ನಮ್ಮ ಮನೆಯವರು ಟಿವಿ ಚಾನಲ್ ಬದಲಾಯಿತು ಅಂತ ರಿಮೋಟ್ ಹುಡುಕಿದರು.

ರೀಲ್ ಡಬ್ಬ
ಒಪ್ಪಿದೆ, ಆ ಪೇಟದ ದೃಶ್ಯಕ್ಕೆ ಮಾತ್ರ ಪೂರ್ತಿ ಮಾರ್ಕ್ಸ್. ಆದರೆ ಪತ್ತೇದಾರನ ಕಥೆ ನೋಡಿ. 1,40,000 ಡಾಲರ್ ನಾಪತ್ತೆಯಾದ ಬೇರೊಂದು ಹಳೆ ಕೇಸಿನಲ್ಲಿ ಅವನ ಮೇಲೇ ಅನುಮಾನ ಇರುತ್ತದೆ. ಕೊನೆಗೆ ಕಳ್ಳ ಡಿಕ್ಕಿ ಹೊಡೆದ ನೆಪದಲ್ಲಿ ಅವನ ಜೇಬಿಗೆ ಒಂದು ವಜ್ರ ಹಾಕಿ ಹೋಗುತ್ತಾನೆ. ರಾತ್ರಿ ಮನೆಯಲ್ಲಿ ಅದು ಕೈಗೆ ಸಿಕ್ಕಾಗ ಅವನು ನಗುತ್ತಾನೆ, ಅಷ್ಟೇ. ವಾಪಸ್ ಕೊಟ್ಟನಾ? ತೋರಿಸುವುದಿಲ್ಲ. ನಾವೂ ಅವನ ಜೊತೆ ನಗುತ್ತೇವೆ. ಲಂಚ ಅಂದಿದ್ದು ಇದಕ್ಕೇ.

ಸುಮ್ನೆ ಓದುವವಳು
ಪ್ರೇಯಸಿ ಮದುವೆ ಮದುವೆ ಅಂತಿದ್ದಳು, ವಜ್ರ ತುಂಬಾ ದುಬಾರಿ ಅಂತ ಇವನೇ ಕಳ್ಳನ ಹತ್ತಿರ ಹೇಳಿಕೊಂಡಿದ್ದ. ಅದು ಮುಯ್ಯಿ ಅಂದುಕೊಳ್ಳಿ ಅಣ್ಣ.

ಕ್ಯಾಶ್ ಕೌಂಟರ್
ಸಂಜೆ ಕ್ಯಾಶ್ ಮುಗಿಸುವಾಗ ಹತ್ತು ರೂಪಾಯಿ ಜಾಸ್ತಿ ಬಂದರೂ ನಾನು ಎಂಟ್ರಿ ಹಾಕಬೇಕು ಮೇಡಂ. ಮುಯ್ಯಿ ಅಂತ ಬರೆದರೆ ಆಡಿಟರ್ ಒಪ್ಪುತ್ತಾರಾ?