ಪದಚರ್ಚೆ: ‘ಸಾರಜನಕ ಸ್ಥಿರೀಕರಣ’ ಮತ್ತು ಅದರ ಉಲ್ಟಾ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಧಾರವಾಡದಿಂದ ಬರೆಯುತ್ತಿದ್ದೇನೆ. ಸಮುದ್ರದಾಳದ ಸೂಕ್ಷ್ಮಜೀವಿಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆಂದು ಒಂದು ಸಣ್ಣ ಪುಸ್ತಿಕೆ ಸಿದ್ಧ ಮಾಡುತ್ತಿದ್ದೇನೆ. ಎರಡು ವಾರದಿಂದ ಈ ಒಂದು ಸಾಲು ಮುಂದಕ್ಕೆ ಹೋಗಲು ಬಿಡುತ್ತಿಲ್ಲ:

“ಆಮ್ಲಜನಕ ಇಲ್ಲದ ನೀರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕವಾಗಿ ಬದಲಿಸುತ್ತವೆ. ಹೀಗೆ ಸಮುದ್ರ ಸಾರಜನಕವನ್ನು ಕಳೆದುಕೊಳ್ಳುತ್ತದೆ.”

ವಿಜ್ಞಾನದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು: “ಸಾರಜನಕ ಹುಟ್ಟತದ ಅಂತೀರಿ, ಕಳಕೋತದ ಅಂತನೂ ಅಂತೀರಿ. ಯಾವದು ಖರೇ ರೀ?”

ಅವಳ ಪ್ರಶ್ನೆ ಸರಿಯಾಗಿದೆ. ಗಾಳಿಯಲ್ಲಿರುವ ಅನಿಲಕ್ಕೂ ಸಾರಜನಕ ಅನ್ನುತ್ತೇವೆ, ಗೊಬ್ಬರದಲ್ಲಿರುವ ಪೋಷಕಾಂಶಕ್ಕೂ (ನೈಟ್ರೇಟ್, ಅಮೋನಿಯಾದಂಥದ್ದು) ಸಾರಜನಕ ಅನ್ನುತ್ತೇವೆ. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಇದೇ ಅನಿಲ. ಸಮುದ್ರದ ನೀರಿನಲ್ಲೂ ಅದು ಕರಗಿರುತ್ತದೆ. ಆದರೆ ಹೆಚ್ಚಿನ ಜೀವಿಗಳಿಗೆ ಅದರಿಂದ ಏನೂ ಉಪಯೋಗವಿಲ್ಲ. ಹೆಸರಿನಲ್ಲಿ ಸಾರ ಇದೆ, ಅನಿಲದಲ್ಲಿ ಇಲ್ಲ. ಫ್ರಾನ್ಸಿನ ಲವಾಸಿಯೆ ಇದನ್ನು ‘ಅಜೋಟ್’ ಎಂದು ಕರೆದಿದ್ದ, ಅಂದರೆ ಜೀವ ಇಲ್ಲದ್ದು. 1790ರಲ್ಲಿ ಶಾಪ್ಟಾಲ್ ಇಟ್ಟ ‘ನೈಟ್ರೋಜನ್’ ಹೆಸರಿನ ಅರ್ಥ ಪೆಟ್ಲುಪ್ಪು ಹುಟ್ಟಿಸುವುದು. ನಮ್ಮವರು ಆ ಉಪ್ಪನ್ನು ಬಿಟ್ಟು ಸಾರವನ್ನು ಹಿಡಿದರು. ಅದು ಚೆಂದದ ಆಯ್ಕೆ ಎಂದೇ ನನಗೆ ಅನ್ನಿಸುತ್ತದೆ. ಅದನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ.

ನನ್ನ ತಕರಾರು ‘ಸ್ಥಿರೀಕರಣ’ದ ಮೇಲೆ, ಅಂದರೆ ಆ ಅನಿಲವನ್ನು ಜೀವಿಗಳಿಗೆ ಉಪಯೋಗವಾಗುವ ರೂಪಕ್ಕೆ ತರುವ ಕೆಲಸಕ್ಕೆ ಇಟ್ಟ ಹೆಸರಿನ ಮೇಲೆ. ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುತ್ತವೆ. ನಿಜವಾಗಿ ಸ್ಥಿರವಾಗಿರುವುದು ಆ ಅನಿಲವೇ. ನೈಟ್ರೋಜಿನೇಸ್ ಎಂಬ ಕಿಣ್ವ ಆ ಹಿಡಿತ ಬಿಡಿಸಿ ಅಮೋನಿಯಾ ಮಾಡುತ್ತದೆ. ಜಗಳಕ್ಕೂ ಬರದೆ, ಜೊತೆಗೂ ಸೇರದೆ ಕೂತಿದ್ದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಿದಂತೆ. ಅದನ್ನೇ ‘ಸ್ಥಿರ ಮಾಡುವುದು’ ಎಂದರೆ ಮಗುವಿಗೆ ಅರ್ಥ ತಿರುಗಾಮುರುಗಾ ಆಗುತ್ತದೆ, ಅಲ್ವಾ?

ನವಲಗುಂದದ ಕಡೆ ಎರೆಹೊಲ ಮಾಡುವ ನಮ್ಮ ಕಾಕಾ ಅವರನ್ನು ಕೇಳಿದೆ. ಮುಂಗಾರಿಗೆ ಹೆಸರು ಬಿತ್ತಿ, ಹಿಂಗಾರಿಗೆ ಜೋಳ ಹಾಕುವವರು ಅವರು. “ಹೆಸರಿನ ಬೇರಿನ್ಯಾಗ ಗಂಟ ಕಟ್ಟತಾವು, ಹೊಲಕ್ಕ ಕಸುವು ಬರತದ,” ಎಂದರು. ಆ ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಮಾಡುವುದೂ ಇದೇ ಕೆಲಸ. ಕಾಕಾ ಹೇಳಿದ ಆ ‘ಕಟ್ಟು’ ನನಗೆ ಹಿಡಿಸಿತು. ಕಾಳು ಕಟ್ಟುತ್ತದೆ, ಮೋಡ ಕಟ್ಟುತ್ತದೆ, ಹಾಲು ಹೆಪ್ಪುಗಟ್ಟುತ್ತದೆ. ಹಾಗೆಯೇ ‘ಸಾರಗಟ್ಟು’ ಎಂದರೆ ಹೇಗೆ? ಸಮುದ್ರದ ಮೇಲ್ಪದರದಲ್ಲಿ ಟ್ರೈಕೋಡೆಸ್ಮಿಯಂ ಎಂಬ ಬ್ಯಾಕ್ಟೀರಿಯಾ ಸಾರಗಟ್ಟುತ್ತದೆ. ಓದಲು ತೊಡಕಿಲ್ಲ. ಮನೆಯಲ್ಲಿ ಅವ್ವ ಮಾತ್ರ ಇದನ್ನು ಕೇಳಿ, ಹೋಳಿಗೆ ದಿನದ ಕಟ್ಟಿನ ಸಾರು ನೆನಪಾಗುತ್ತದೆ ಎಂದಳು. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲೂ ಬೇಳೆಯ ಸಾರವೇ ಇರುವುದರಿಂದ ಆ ನೆನಪು ಅಡ್ಡಿಯಲ್ಲ ಅಂದುಕೊಂಡಿದ್ದೇನೆ.

ಕಷ್ಟ ಇರುವುದು ಉಲ್ಟಾ ಕೆಲಸಕ್ಕೆ, ಅಂದರೆ ನೈಟ್ರೇಟಿನಂಥದ್ದನ್ನು ಮತ್ತೆ ಅನಿಲ ಮಾಡುವುದಕ್ಕೆ. ಅದು ನಡೆಯುವ ಜಾಗವನ್ನು ಸ್ವಲ್ಪ ಹೇಳುತ್ತೇನೆ, ಪದ ಹುಡುಕಲು ಅದು ಬೇಕು. ಹುಬ್ಬಳ್ಳಿಯಿಂದ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋದರೆ ಸಿಗುವ ಅದೇ ಅರಬ್ಬಿ ಸಮುದ್ರದ ನಡುಭಾಗದಲ್ಲಿ, ಸುಮಾರು 150 ಮೀಟರ್‌ನಿಂದ 1,000 ಮೀಟರ್ ಆಳದವರೆಗೆ, ಆಮ್ಲಜನಕ ತೀರಾ ಕಡಿಮೆ ಇರುವ ದಪ್ಪ ಪದರವಿದೆ. ಜಗತ್ತಿನಲ್ಲಿ ಇಂಥ ದೊಡ್ಡ ಜಾಗಗಳು ಮೂರು. ಉಳಿದ ಎರಡೂ ಪೂರ್ವ ಪೆಸಿಫಿಕ್‌ನಲ್ಲಿವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ನಮ್ಮ ಕಡೆಯದನ್ನು ದಶಕಗಳಿಂದ ಅಳೆಯುತ್ತಿದ್ದಾರೆ.

ಮೇಲಿನಿಂದ ಸತ್ತ ಜೀವಿಗಳ ಚೂರುಗಳು ಉದುರುತ್ತಿರುತ್ತವೆ. ಅವು ಕೊಳೆತಾಗ ಅಮೋನಿಯಾ ಬರುತ್ತದೆ. ಆಮ್ಲಜನಕ ಇರುವ ನೀರಿನಲ್ಲಿ ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು) ಅದನ್ನು ನೈಟ್ರೈಟ್ ಮಾಡುತ್ತವೆ. ಅಂಥ ಒಂದನ್ನು ಮೊದಲು ಬೇರ್ಪಡಿಸಿ ಬೆಳೆಸಿದ್ದು ಸಿಯಾಟಲ್‌ನ ಅಕ್ವೇರಿಯಂ ತೊಟ್ಟಿಯಿಂದ, 2005ರಲ್ಲಿ. ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದನ್ನು ‘ನೈಟ್ರೀಕರಣ’ ಎಂದೇ ಇಟ್ಟಿದ್ದೇನೆ. ಕಡಿಮೆ ಆಮ್ಲಜನಕದ ಪದರದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟಿನಿಂದಲೇ ಉಸಿರಾಡುತ್ತವೆ. ಗಾಳಿ ಇಲ್ಲದಿದ್ದರೂ ‘ಉಸಿರು’ ಎಂಬ ಪದವನ್ನು ಬಿಟ್ಟಿಲ್ಲ. ಉಸಿರು ಎಂದರೆ ಜೀವವೂ ಹೌದಲ್ಲ. ಅನಾಮಾಕ್ಸ್ ಬ್ಯಾಕ್ಟೀರಿಯಾಗಳ ದಾರಿ ಬೇರೆ: ಅಮೋನಿಯಾ ಮತ್ತು ನೈಟ್ರೈಟ್ ಸೇರಿಸಿ ಅನಿಲ ಮಾಡುತ್ತವೆ. ನಡುವೆ ಹೈಡ್ರಜೀನ್ ತಯಾರಾಗುತ್ತದೆ, ರಾಕೆಟ್ ಇಂಧನದಲ್ಲಿ ಬಳಸುವ ಅದೇ ವಸ್ತು. ಎರಡೂ ದಾರಿಯ ಕೊನೆಗೆ ಸಾರ ಹೋಗಿ ಅನಿಲ ಉಳಿಯುತ್ತದೆ.

ಇದಕ್ಕೆ ‘ಸಾರ ಬಿಡು’ ಎಂದು ಬರೆದು ನೋಡಿದೆ. ಆಗಲಿಲ್ಲ. ಚಹಾಪುಡಿ ನೀರಿಗೆ ಸಾರ ಬಿಡುತ್ತದೆ ಅನ್ನುತ್ತೇವೆ, ಅಲ್ಲಿ ನೀರಿಗೆ ಸಾರ ಸೇರುತ್ತದೆ. ‘ಸಾರಗೆಡಿಸು’ ಇನ್ನೊಂದು. ಹದಗೆಡಿಸು, ರುಚಿಗೆಡಿಸು ಇದ್ದ ಹಾಗೆ. ಕಿವಿಗೆ ಹಿತವಾಗಿದೆ. ಆದರೆ ‘ಕೆಡು’ ಬಂದರೆ ಬ್ಯಾಕ್ಟೀರಿಯಾ ಕೆಟ್ಟ ಕೆಲಸ ಮಾಡಿದಂತೆ ಕಾಣುತ್ತದೆ. ಅದು ಸರಿಯಲ್ಲ. ಕಟ್ಟಿದ ಸಾರ ಮತ್ತೆ ಗಾಳಿಗೆ ಮರಳದಿದ್ದರೆ ಚಕ್ರವೇ ನಿಲ್ಲುತ್ತದೆ.

ಈಗ ನನ್ನ ಒಲವು ‘ಸಾರಬಿಚ್ಚು’ ಕಡೆಗಿದೆ. ಕಟ್ಟಿದ್ದನ್ನು ಬಿಚ್ಚುವುದು, ಸುಮ್ನೆ ಅಷ್ಟೇ. ಇದರಿಂದ ಇನ್ನೊಂದು ಅನುಕೂಲವೂ ಇದೆ. ನೈಟ್ರೇಟಿನ ದಾರಿಯ ಕೊನೆಯ ಹೆಜ್ಜೆಯಲ್ಲಿ ತಾಮ್ರ ಇರುವ ಒಂದು ಕಿಣ್ವ ಕೆಲಸ ಮಾಡುತ್ತದೆ. ಆಮ್ಲಜನಕ ಸ್ವಲ್ಪ ಜಾಸ್ತಿಯಾದರೂ ಅದು ನಿಂತುಹೋಗುತ್ತದೆ. ಆಗ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಹಾಗೆಯೇ ಉಳಿದು ಮೇಲೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಕಾಯಿಸುವುದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು. ಅದನ್ನು ಮಕ್ಕಳಿಗೆ ‘ಅರೆಬಿಚ್ಚಿದ ಸಾರ’ ಎಂದು ಹೇಳಿದರೆ ತಟ್ಟನೆ ತಿಳಿಯುತ್ತದೆ.

ಹಾಗಾಗಿ ಸಾಲನ್ನು ಹೀಗೆ ಬದಲಿಸಿದ್ದೇನೆ: “ಆಮ್ಲಜನಕ ಇಲ್ಲದ ನೀರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನ ಸಾರ ಬಿಚ್ಚುತ್ತವೆ. ಸಾರಜನಕ ಅನಿಲ ಬರುತ್ತದೆ, ಸಮುದ್ರದ ಸಾರ ಅಷ್ಟು ಕಡಿಮೆಯಾಗುತ್ತದೆ.”

ಗದಗ, ಹಾವೇರಿ ಕಡೆಯವರು, ಹೊಲ ಮಾಡುವವರು ದಯವಿಟ್ಟು ಹೇಳಿ. ಹೊಲದಲ್ಲಿ ನೀರು ನಿಂತು ಬೆಳೆ ಹಳದಿಯಾದಾಗ ಕಸುವು ಎಲ್ಲಿಗೆ ಹೋಯಿತು ಅನ್ನುತ್ತೀರಿ? ನೀರು ನಿಂತ ಮಣ್ಣಿನಲ್ಲೂ ಇಂಥದೇ ಬ್ಯಾಕ್ಟೀರಿಯಾಗಳು ಇದೇ ಕೆಲಸ ಮಾಡುತ್ತವೆ. ಅದಕ್ಕೆ ನಿಮ್ಮಲ್ಲಿ ಮೊದಲೇ ಒಂದು ಮಾತು ಇದ್ದರೆ, ನಾನು ಕಟ್ಟಿದ ಪದಕ್ಕಿಂತ ಅದನ್ನೇ ಬಳಸಲು ನನಗೆ ಇಷ್ಟ.